ಅಪ್ಪನಿಗೆ ಆರು ಮಕ್ಕಳು, ಮಗನಿಗೆ ಯಾಕಿಲ್ಲ? ಗಂಡಸರ ಬಂಜೆತನಕ್ಕೂ ಮನೆತನಕ್ಕೂ ಏನು ನಂಟು?

ಮಕ್ಕಳಾಗದ ವಿಷಯ ಬಂದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಎರಡು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ಊರ ಕಟ್ಟೆಯ ಮೇಲೂ ಅವೇ, ವಾಟ್ಸ್‌ಆ್ಯಪ್ ಗುಂಪಿನಲ್ಲೂ ಅವೇ.

ಮೊದಲನೆಯದು: "ಅವರಪ್ಪಗ ಆರು ಮಕ್ಕಳು, ಅಣ್ಣಗ ಮೂರು. ಆ ಮನೆತನದ ಗಂಡಿನಾಗ ದೋಷ ಇರಾಕ ಸಾಧ್ಯನ ಇಲ್ಲ. ಸೊಸಿಗೇ ಏನೋ ಐತಿ."

ಎರಡನೆಯದು: "ಅವರ ಕಾಕಾಗೂ ಮಕ್ಕಳಿಲ್ಲ, ಇವಗೂ ಆಗಂಗಿಲ್ಲ. ಆ ಮನಿಗೆ ಹೆಣ್ಣು ಕೊಡಬ್ಯಾಡ್ರಿ."

ಮೊದಲ ಮಾತಿನಿಂದ ಯಾವ ತಪ್ಪೂ ಇಲ್ಲದ ಹೆಣ್ಣುಮಗಳು ವರ್ಷಗಟ್ಟಲೆ ಆಸ್ಪತ್ರೆ ಅಲೆಯುತ್ತಾಳೆ. ಎರಡನೆಯದರಿಂದ ಚಿಕಿತ್ಸೆಗೆ ಬಗ್ಗುವ ತೊಂದರೆಯೂ 'ಹಣೆಬರಹ' ಆಗಿಬಿಡುತ್ತದೆ. ಈ ಎರಡರಲ್ಲಿ ನಿಜವೆಷ್ಟು ಎಂದು ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಉತ್ತರ

- ಅಪ್ಪನಿಗೆ, ಅಣ್ಣನಿಗೆ ಮಕ್ಕಳಾಗಿವೆ ಎಂದ ಮಾತ್ರಕ್ಕೆ ಗಂಡಸಿನಲ್ಲಿ ತೊಂದರೆ ಇಲ್ಲ ಎನ್ನಲು ಬರುವುದಿಲ್ಲ.
- ಮನೆತನದಲ್ಲಿ ಒಬ್ಬರಿಗೆ ಮಕ್ಕಳಾಗಿಲ್ಲ ಎಂದ ಮಾತ್ರಕ್ಕೆ ಉಳಿದವರಿಗೂ ಆಗುವುದಿಲ್ಲ ಎನ್ನಲೂ ಬರುವುದಿಲ್ಲ.
- ಕುಟುಂಬದ ಇತಿಹಾಸ ವೈದ್ಯರಿಗೆ ದಾರಿ ತೋರಿಸುವ ಸುಳಿವು. ಅದು ತೀರ್ಪಲ್ಲ. ಉತ್ತರ ಸಿಗುವುದು ಪರೀಕ್ಷೆಯಿಂದ.

ಬಂಜೆತನ ಎನ್ನುವುದು ಯಾವಾಗ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಗಂಡ-ಹೆಂಡತಿ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ, ಯಾವುದೇ ಗರ್ಭನಿರೋಧಕ ಬಳಸದೆ ನಿಯಮಿತವಾಗಿ ಕೂಡಿದರೂ ಗರ್ಭ ನಿಲ್ಲದಿದ್ದರೆ ಅದು ಬಂಜೆತನ. ಹೆಂಡತಿಯ ವಯಸ್ಸು 35 ದಾಟಿದ್ದರೆ 6 ತಿಂಗಳಿಗೇ ವೈದ್ಯರನ್ನು ಕಾಣುವುದು ಒಳ್ಳೆಯದು.

ಈ ವಿವರಣೆಯಲ್ಲಿ 'ನಿಯಮಿತವಾಗಿ' ಎಂಬ ಮಾತನ್ನು ಗಮನಿಸಿ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹಳ್ಳಿಗಳಿಂದ ಎಷ್ಟೋ ಜನ ದುಡಿಯಲು ಗುಳೆ ಹೋಗುತ್ತಾರೆ. ಗಂಡ ಬೆಂಗಳೂರಿನಲ್ಲೋ ಗೋವಾದಲ್ಲೋ ಇದ್ದು, ಉಗಾದಿಗೆ, ದೀಪಾವಳಿಗೆ ನಾಲ್ಕು ದಿನ ಊರಿಗೆ ಬಂದು ಹೋದರೆ ಮದುವೆಯಾಗಿ ಮೂರು ವರ್ಷವಾದರೂ ಜೊತೆಗೆ ಇದ್ದದ್ದು ಮೂರು ತಿಂಗಳೂ ಆಗಿರುವುದಿಲ್ಲ. ಗರ್ಭ ನಿಲ್ಲುವುದು ತಿಂಗಳಲ್ಲಿ ಕೆಲವೇ ದಿನಗಳಲ್ಲಿ. ಆ ದಿನಗಳಲ್ಲಿ ಇಬ್ಬರೂ ಒಟ್ಟಿಗೆ ಇರದಿದ್ದರೆ ಅದಕ್ಕೆ ಬಂಜೆತನ ಎಂಬ ಹೆಸರು ಸಲ್ಲದು. ಆದ್ದರಿಂದ ಮದುವೆಯಾಗಿ ಎಷ್ಟು ವರ್ಷವಾಯಿತು ಎಂದು ಎಣಿಸುವ ಬದಲು ಜೊತೆಗೆ ಎಷ್ಟು ತಿಂಗಳು ಇದ್ದೆವು ಎಂದು ಎಣಿಸಿ.

ಜಗತ್ತಿನಲ್ಲಿ ಸುಮಾರು 6 ಜನರಲ್ಲಿ ಒಬ್ಬರಿಗೆ ಜೀವನದ ಒಂದಲ್ಲ ಒಂದು ಘಟ್ಟದಲ್ಲಿ ಈ ತೊಂದರೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ: ಕೆಲವೊಮ್ಮೆ ಅವನದೊಂದೇ, ಕೆಲವೊಮ್ಮೆ ಇಬ್ಬರದೂ ಸೇರಿ. ಹಾಗಿದ್ದೂ ನಮ್ಮಲ್ಲಿ ಪರೀಕ್ಷೆ ಶುರುವಾಗುವುದು ಯಾವಾಗಲೂ ಹೆಂಡತಿಯಿಂದ.

'ಗಂಡಸ್ತನ' ಬೇರೆ, ವೀರ್ಯಾಣು ಬೇರೆ

"ನನಗೇನೂ ತೊಂದರೆ ಇಲ್ಲ, ಎಲ್ಲಾ ಸರಿಯಾಗಿದೆ" ಎಂದು ಗಂಡಸರು ಹೇಳುವುದು ಸಾಮಾನ್ಯವಾಗಿ ಲೈಂಗಿಕ ಶಕ್ತಿಯ ಬಗ್ಗೆ. ಅದು ಚೆನ್ನಾಗಿದ್ದೂ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣು ಇಲ್ಲದಿರಬಹುದು.

ಕಾರಣ ಸರಳ. ಹೊರಬರುವ ವೀರ್ಯದ ಬಹುಪಾಲು ದ್ರವ ತಯಾರಾಗುವುದು ವೃಷಣದಲ್ಲಲ್ಲ, ಅದು ಬೇರೆ ಗ್ರಂಥಿಗಳಿಂದ ಬರುತ್ತದೆ. ವೃಷಣದಲ್ಲಿ, ಅಂದರೆ ಆಡುಮಾತಿನ ಬೀಜದಲ್ಲಿ, ತಯಾರಾಗುವ ವೀರ್ಯಾಣುಗಳ ಪಾಲು ಅದರಲ್ಲಿ ತೀರಾ ಸಣ್ಣದು. ಆ ಪಾಲು ಇಲ್ಲದಿದ್ದರೂ ವೀರ್ಯದ ಬಣ್ಣ, ಪ್ರಮಾಣ, ಗಟ್ಟಿತನ ಮಾಮೂಲಿನಂತೆಯೇ ಕಾಣಬಹುದು. 'ಗಟ್ಟಿ ವೀರ್ಯ, ನೀರು ವೀರ್ಯ' ಎಂದು ಹೇಳಿ ಪುಡಿ ಮಾರುವ ಫಾರ್ವರ್ಡ್‌ಗಳು ನಿಂತಿರುವುದು ಈ ತಪ್ಪು ತಿಳಿವಳಿಕೆಯ ಮೇಲೆ. ವೀರ್ಯಾಣು ಇದೆಯೋ ಇಲ್ಲವೋ ಎಂದು ಹೇಳಲು ಸೂಕ್ಷ್ಮದರ್ಶಕವೇ ಬೇಕು.

ಒಟ್ಟು ಗಂಡಸರಲ್ಲಿ ಸುಮಾರು 100ಕ್ಕೆ ಒಬ್ಬರ ವೀರ್ಯದಲ್ಲಿ ವೀರ್ಯಾಣು ಇರುವುದೇ ಇಲ್ಲ. ಬಂಜೆತನವಿರುವ ಗಂಡಸರನ್ನಷ್ಟೇ ತೆಗೆದುಕೊಂಡರೆ ಇದು 100ಕ್ಕೆ 10ರಿಂದ 15. ಇವರಲ್ಲಿ ಬಹುತೇಕರು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಾರೆ.

ಅಪ್ಪನಿಗೆ ಆರು ಮಕ್ಕಳಾಗಿದ್ದರೂ ಮಗನಿಗೆ ತೊಂದರೆ ಬರುವುದು ಹೇಗೆ?

"ಬಂಜೆತನ ವಂಶದಲ್ಲಿ ಬರುವುದಾದರೆ ಆ ಅಪ್ಪನಿಗೆ ಮಗ ಹುಟ್ಟುತ್ತಲೇ ಇರಲಿಲ್ಲವಲ್ಲ?" ಎಂಬುದು ಒಳ್ಳೆಯ ಪ್ರಶ್ನೆ. ಅದಕ್ಕೆ ನಾಲ್ಕು ಉತ್ತರಗಳಿವೆ.

ಒಂದು: ಮಗನಲ್ಲೇ ಹೊಸದಾಗಿ ಆದ ಬದಲಾವಣೆ. ಗಂಡಸರಲ್ಲಿ ಸಾಮಾನ್ಯವಾಗಿ ಒಂದು ಎಕ್ಸ್, ಒಂದು ವೈ ಕ್ರೋಮೋಸೋಮ್ ಇರುತ್ತವೆ. ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬನಿಗೆ ಒಂದು ಎಕ್ಸ್ ಹೆಚ್ಚಾಗಿ ಬಂದಿರುತ್ತದೆ. ಇದಕ್ಕೆ ಕ್ಲೈನ್‌ಫೆಲ್ಟರ್ ಎಂದು ಹೆಸರು. ಎಷ್ಟೋ ಜನರಿಗೆ ಇದು ಗೊತ್ತಾಗುವುದೇ ಮದುವೆಯಾಗಿ ಮಕ್ಕಳಾಗದಿದ್ದಾಗ. ಇನ್ನೊಂದು ಬಗೆಯಲ್ಲಿ ವೈ ಕ್ರೋಮೋಸೋಮಿನ ಒಂದು ಸಣ್ಣ ತುಂಡು ಉದುರಿಹೋಗಿರುತ್ತದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೀರ್ಯಾಣುವೇ ಇಲ್ಲದ 340 ಭಾರತೀಯ ಗಂಡಸರ ಪೈಕಿ 29 ಜನರಲ್ಲಿ ಇಂಥ ತುಂಡು ಕಾಣೆಯಾಗಿತ್ತು. ಹೆಚ್ಚಿನ ಸಂದರ್ಭಗಳಲ್ಲಿ ಇಂಥವರ ಅಪ್ಪನ ವೈ ಕ್ರೋಮೋಸೋಮ್ ಸರಿಯಾಗಿಯೇ ಇರುತ್ತದೆ. ಅಂದರೆ ಇಲ್ಲಿ ಅಪ್ಪನ ಆರು ಮಕ್ಕಳು ಮಗನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎರಡು: ಅಪ್ಪ-ಅವ್ವ ಇಬ್ಬರಲ್ಲೂ ಅಡಗಿದ್ದ ದೋಷ. ನಮ್ಮ ಹೆಚ್ಚಿನ ಜೀನುಗಳಿಗೆ ಎರಡೆರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅವ್ವನಿಂದ ಒಂದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಿಭಾಯಿಸುತ್ತದೆ. ಹಾಗಾಗಿ ಅಪ್ಪ-ಅವ್ವ ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಇಬ್ಬರ ಕೆಟ್ಟ ಪ್ರತಿಯೂ ಒಬ್ಬ ಮಗನಿಗೇ ಬಂದರೆ ತೊಂದರೆ ಹೊರಬೀಳುತ್ತದೆ. ಇದರ ಸಾಧ್ಯತೆ ಪ್ರತಿ ಮಗುವಿಗೂ 4ರಲ್ಲಿ 1. ಅಣ್ಣನಿಗೆ ಮೂರು ಮಕ್ಕಳು, ತಮ್ಮನಿಗೆ ಒಂದೂ ಇಲ್ಲ ಎನ್ನುವುದು ಈ ಲೆಕ್ಕಕ್ಕೆ ಸರಿಯಾಗಿಯೇ ಹೊಂದುತ್ತದೆ. ವೀರ್ಯಾಣುವಿಗಷ್ಟೇ ಬೇಕಾದ ಜೀನ್ ಅದಾಗಿದ್ದರೆ, ಎರಡೂ ಪ್ರತಿ ಕೆಟ್ಟ ಅಕ್ಕ-ತಂಗಿಗೆ ಏನೂ ತೊಂದರೆಯಾಗದು, ಅವಳಿಗೆ ಮಕ್ಕಳಾಗುತ್ತವೆ. ದೋಷ ಮಾತ್ರ ಸದ್ದಿಲ್ಲದೆ ಮುಂದಿನ ತಲೆಮಾರಿಗೆ ಸಾಗುತ್ತದೆ.

ಮೂರು: ಅವ್ವನ ಕಡೆಯಿಂದ ಬಂದದ್ದು. ಗಂಡುಮಗುವಿಗೆ ಎಕ್ಸ್ ಕ್ರೋಮೋಸೋಮ್ ಬರುವುದು ಅವ್ವನಿಂದ ಮಾತ್ರ. ವೀರ್ಯಾಣು ತಯಾರಿಗೆ ಬೇಕಾದ ಕೆಲವು ಜೀನುಗಳು ಅದರ ಮೇಲಿವೆ. ಅವ್ವನಿಗೆ ಎರಡು ಎಕ್ಸ್ ಇರುವುದರಿಂದ ಅವಳಿಗೆ ತೊಂದರೆ ಕಾಣದು. ಮಗನಿಗೆ ಇರುವುದು ಒಂದೇ, ಹಾಗಾಗಿ ಅವನಲ್ಲಿ ಕಾಣುತ್ತದೆ. ಇದೇ ದೋಷ ಅವ್ವನ ಅಣ್ಣತಮ್ಮಂದಿರಲ್ಲೂ ಇರಬಹುದು. ಸಂಬಂಧ ನೋಡುವಾಗ ನಾವು ಅಪ್ಪನ ಮನೆತನವನ್ನಷ್ಟೇ ಕೆದಕುತ್ತೇವೆ. ಈ ವಿಷಯದಲ್ಲಿ ಮಕ್ಕಳಿಲ್ಲದ ಸೋದರಮಾವ ಮಕ್ಕಳಿಲ್ಲದ ಕಾಕಾನಷ್ಟೇ ಮುಖ್ಯ ಸುಳಿವು.

ನಾಲ್ಕು: ಜೀನಿಗೆ ಸಂಬಂಧವೇ ಇಲ್ಲದ ಕಾರಣ. ಚಿಕ್ಕಂದಿನಲ್ಲಿ ಬೀಜ ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲೇ ಉಳಿದದ್ದು, ಹರೆಯ ಬಂದ ಮೇಲೆ ಬಂದ ಮಂಗನಬಾವು, ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ವೀರ್ಯನಾಳಕ್ಕೆ ಆದ ಪೆಟ್ಟು, ಸೋಂಕು, ಕ್ಯಾನ್ಸರ್ ಔಷಧಿ, ಜಿಮ್‌ನಲ್ಲಿ ಮೈ ಬೆಳೆಸಲು ತೆಗೆದುಕೊಂಡ ಟೆಸ್ಟೋಸ್ಟೆರಾನ್ ಇಂಜೆಕ್ಷನ್, ಇವೆಲ್ಲ ಈ ಗುಂಪಿನವು. ಕೊನೆಯದನ್ನು ಯುವಕರು ವಿಶೇಷವಾಗಿ ಗಮನಿಸಬೇಕು. ಹೊರಗಿನಿಂದ ಆ ಹಾರ್ಮೋನು ಬಂದಾಗ ದೇಹ ತನ್ನ ವೀರ್ಯಾಣು ತಯಾರಿಯನ್ನೇ ನಿಲ್ಲಿಸುತ್ತದೆ. 'ಗಂಡಸ್ತನ ಹೆಚ್ಚಿಸುವ' ಇಂಜೆಕ್ಷನ್ ಮಕ್ಕಳಾಗುವ ದಾರಿಯನ್ನೇ ಮುಚ್ಚಬಹುದು.

ಸೋದರ ಸಂಬಂಧದ ಮದುವೆಯಿಂದ ಮಕ್ಕಳಾಗುವುದಿಲ್ಲವೇ?

ನಮ್ಮ ಕಡೆ ಅಕ್ಕನ ಮಗಳನ್ನು, ಅತ್ತೆಯ ಮಗಳನ್ನು ತಂದುಕೊಳ್ಳುವುದು ಹಳೆಯ ರೂಢಿ. ಇಡೀ ಕರ್ನಾಟಕದ ಚಿತ್ರವೂ ಹಾಗೆಯೇ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರಿನ ನವಜಾತ ಶಿಶುಗಳ ತಪಾಸಣೆ ನಡೆಸಿದಾಗ, ಸುಮಾರು ಮೂರರಲ್ಲಿ ಒಂದು ಪಾಲು ತಂದೆ-ತಾಯಿಯರು ರಕ್ತಸಂಬಂಧಿಗಳಾಗಿದ್ದರು. ಅದರಲ್ಲೂ ಸೋದರಮಾವನನ್ನು ಮದುವೆಯಾದವರೇ ಹೆಚ್ಚು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ರಾಜ್ಯದಲ್ಲಿ ಇಂಥ ಮದುವೆಗಳ ಪಾಲು ಕಾಲು ಭಾಗಕ್ಕಿಂತ ಹೆಚ್ಚಿದೆ.

ಇಲ್ಲಿ ಜನ ಗೊಂದಲ ಮಾಡಿಕೊಳ್ಳುವ ಅಂಶ ಒಂದಿದೆ. "ನಾವು ಒಳಗಿನ ಸಂಬಂಧದಲ್ಲಿ ಮದುವೆಯಾದೆವು, ಅದಕ್ಕೇ ಮಕ್ಕಳಾಗಲಿಲ್ಲ" ಎನ್ನುತ್ತಾರೆ. ಆದರೆ ಗಂಡಸಿನ ವೀರ್ಯಾಣು ಹೇಗಿದೆ ಎನ್ನುವುದಕ್ಕೂ ಅವನು ಯಾರನ್ನು ಮದುವೆಯಾದ ಎನ್ನುವುದಕ್ಕೂ ಸಂಬಂಧವಿಲ್ಲ. ಸಂಬಂಧ ಇರುವುದು ಅವನ ಅಪ್ಪ-ಅವ್ವ ಪರಸ್ಪರ ಏನಾಗಬೇಕು ಎನ್ನುವುದಕ್ಕೆ.

ಲೆಕ್ಕ ನೋಡಿ. ಒಬ್ಬನಲ್ಲಿ ವಂಶದಿಂದ ಬಂದ ಒಂದು ಕೆಟ್ಟ ಪ್ರತಿ ಇದೆ ಎಂದುಕೊಳ್ಳೋಣ. ಅದೇ ಪ್ರತಿ ಅವನ ಅಕ್ಕನ ಮಗಳಲ್ಲೂ ಇರುವ ಸಾಧ್ಯತೆ 4ರಲ್ಲಿ 1. ಅತ್ತೆಯ ಮಗಳಲ್ಲಿ, ಸೋದರಮಾವನ ಮಗಳಲ್ಲಿ 8ರಲ್ಲಿ 1. ಸಂಬಂಧವೇ ಇಲ್ಲದ ಹೆಣ್ಣಿನಲ್ಲಿ, ಅಪರೂಪದ ದೋಷವಾಗಿದ್ದರೆ, ಇದು ತೀರಾ ಕಡಿಮೆ. ಇಬ್ಬರಲ್ಲೂ ಅದೇ ಪ್ರತಿ ಇದ್ದರೆ ಅವರ ಪ್ರತಿ ಮಗನಿಗೂ ಎರಡೂ ಕೆಟ್ಟ ಪ್ರತಿ ಸಿಗುವ ಸಾಧ್ಯತೆ 4ರಲ್ಲಿ 1. ಹೀಗೆ, ಅಪ್ಪ-ಅವ್ವನಿಗೆ ಮಕ್ಕಳಾಗಲು ಏನೂ ಅಡ್ಡಿ ಇರುವುದಿಲ್ಲ. ತೊಂದರೆ ಕಂಡರೆ ಮಗನ ಕಾಲಕ್ಕೆ ಕಾಣುತ್ತದೆ. ಲೆಬನಾನ್ ದೇಶದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದೇ ಕುಟುಂಬದ ಗಂಡಸರಲ್ಲಿ ಬಂಜೆತನ ಗುಂಪಾಗಿ ಕಾಣಿಸಿಕೊಳ್ಳುವುದನ್ನು ಸೋದರ ಸಂಬಂಧದ ಮದುವೆಗಳ ಜೊತೆಗಿಟ್ಟು ನೋಡಿದೆ.

ಹಾಗೆಂದು ಸೋದರ ಸಂಬಂಧದಲ್ಲಿ ಹುಟ್ಟಿದವರಿಗೆಲ್ಲ ತೊಂದರೆ ಎಂದಲ್ಲ. ಅವರಲ್ಲಿ ಹೆಚ್ಚಿನವರಿಗೆ ಮಕ್ಕಳಾಗುತ್ತವೆ. ವೈದ್ಯರ ಮುಂದೆ ಮುಚ್ಚಿಡಬಾರದ ಮಾಹಿತಿ ಇದು, ಅಷ್ಟೇ.

ಒಂದೇ ಮನೆ, ಒಂದೇ ಕೆಲಸ

ಅಣ್ಣ-ತಮ್ಮ ಇಬ್ಬರಿಗೂ ಮಕ್ಕಳಾಗದಿದ್ದರೆ ಕಾರಣ ರಕ್ತದಲ್ಲೇ ಇರಬೇಕೆಂದಿಲ್ಲ. ಒಂದೇ ಮನೆಯವರು ಮಾಡುವ ಕೆಲಸವೂ ಒಂದೇ ಆಗಿರುತ್ತದೆ.

ವೃಷಣ ದೇಹದ ಹೊರಗೆ ಚೀಲದಲ್ಲಿ ಇರುವುದಕ್ಕೆ ಕಾರಣವಿದೆ: ವೀರ್ಯಾಣು ತಯಾರಾಗಲು ದೇಹಕ್ಕಿಂತ ಕೆಲವು ಡಿಗ್ರಿ ಕಡಿಮೆ ಬಿಸಿ ಬೇಕು. ಕುಲುಮೆಯ ಮುಂದೆ, ಬಾಯ್ಲರ್ ಬಳಿ ದಿನವಿಡೀ ನಿಲ್ಲುವವರಲ್ಲಿ, ಗಂಟೆಗಟ್ಟಲೆ ಬಿಸಿ ಸೀಟಿನ ಮೇಲೆ ಲಾರಿ ಓಡಿಸುವವರಲ್ಲಿ ಇದು ಏರುಪೇರಾಗಬಹುದು.

ಇನ್ನು ಕೀಟನಾಶಕ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಾರ್ಖಾನೆಯೊಂದರಲ್ಲಿ ಕೆಲಸಗಾರರು ತಮ್ಮೊಳಗೇ ಮಾತಾಡಿಕೊಂಡಾಗ, ಹಲವರಿಗೆ ಮಕ್ಕಳಾಗುತ್ತಿಲ್ಲ ಎನ್ನುವುದು ಹೊರಬಂತು. ಪರೀಕ್ಷಿಸಿದಾಗ ಅನೇಕರ ವೀರ್ಯಾಣು ತೀರಾ ಕಡಿಮೆ ಇತ್ತು ಅಥವಾ ಇರಲೇ ಇಲ್ಲ. ಅವರು ತಯಾರಿಸುತ್ತಿದ್ದದ್ದು ಮಣ್ಣಿನ ಜಂತುಹುಳ ಕೊಲ್ಲುವ ಡಿಬಿಸಿಪಿ ಎಂಬ ಔಷಧಿ. ಅವರದು ಬೇರೆ ಬೇರೆ ಮನೆತನ, ಆದರೆ ವಿಷ ಒಂದೇ. ಗಂಗಾವತಿ, ಕಾರಟಗಿ ಕಡೆ ತುಂಗಭದ್ರಾ ಕಾಲುವೆಯ ನೀರಲ್ಲಿ ಭತ್ತ ಬೆಳೆಯುವವರು ಎಣ್ಣೆ ಹೊಡೆಯುವಾಗ ಬರಿಗೈಯಲ್ಲಿ ಕಲಸುವುದು, ಗಾಳಿಗೆ ಎದುರಾಗಿ ಹೊಡೆಯುವುದು, ಅದೇ ಬಟ್ಟೆಯಲ್ಲಿ ಉಣ್ಣಲು ಕೂರುವುದು ನಿಲ್ಲಬೇಕು. ಕೈಗವಸು, ಮುಖಕ್ಕೆ ರಕ್ಷಣೆ, ಕೆಲಸ ಮುಗಿದ ಕೂಡಲೇ ಸ್ನಾನ, ಇಷ್ಟಾದರೂ ಇರಲಿ. ಗುಟ್ಕಾ, ಬೀಡಿ, ಅತಿಯಾದ ಕುಡಿತದಿಂದಲೂ ವೀರ್ಯಾಣುವಿಗೆ ಪೆಟ್ಟು ಬೀಳುತ್ತದೆ.

ಇಂಥ ಕಾರಣಗಳಲ್ಲಿ ಸಮಾಧಾನದ ಸಂಗತಿಯೂ ಇದೆ. ಹೊಸ ವೀರ್ಯಾಣು ತಯಾರಾಗಲು ಎರಡೂವರೆಯಿಂದ ಮೂರು ತಿಂಗಳು ಸಾಕು. ಕಾರಣವನ್ನು ದೂರ ಮಾಡಿ ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷಿಸಿದರೆ ಎಷ್ಟೋ ಜನರಲ್ಲಿ ಸುಧಾರಣೆ ಕಾಣುತ್ತದೆ.

ಅಣ್ಣನಿಗೆ ಮಕ್ಕಳಿಲ್ಲದಿದ್ದರೆ ತಮ್ಮನಿಗೂ ಇಲ್ಲವೇ?

1994ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ತೊಂದರೆ ಇರುವ ಗಂಡಸರ ಅಣ್ಣತಮ್ಮಂದಿರಿಗೂ ಉಳಿದವರ ಅಣ್ಣತಮ್ಮಂದಿರಿಗೂ ಹೋಲಿಸಿ ನೋಡಿತು. ತೊಂದರೆ ಕುಟುಂಬದಲ್ಲಿ ಹರಿಯುವ ಸೂಚನೆ ಕಂಡಿತು. ಆದರೆ ಸಾಧ್ಯತೆ ಹೆಚ್ಚು ಎಂದರೆ ಖಚಿತ ಎಂದಲ್ಲ.

ಅದಕ್ಕಿಂತ ಮುಖ್ಯವಾದ ಮಾತೆಂದರೆ, ಕುಟುಂಬದಲ್ಲಿ ಕಾಣುವ ಕಾರಣಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಇದೆ. ವೃಷಣದ ಸುತ್ತಲಿನ ರಕ್ತನಾಳ ಊದಿಕೊಳ್ಳುವ ವೆರಿಕೋಸೀಲ್ ಒಟ್ಟು ಗಂಡಸರಲ್ಲಿ ಸುಮಾರು 15 ಪ್ರತಿಶತ ಜನರಿಗೆ ಇರುತ್ತದೆ. ಬಂಜೆತನವಿರುವವರಲ್ಲಿ ಇದು ಇನ್ನೂ ಹೆಚ್ಚು. ಅಣ್ಣತಮ್ಮಂದಿರಲ್ಲಿ ಒಟ್ಟಿಗೆ ಕಾಣಿಸುವುದೂ ಉಂಟು. ತೊಂದರೆ ಕೊಡುತ್ತಿದ್ದರೆ ಶಸ್ತ್ರಚಿಕಿತ್ಸೆ ಮಾಡಬಹುದು. ಕೆಲವರಿಗೆ ಹುಟ್ಟಿನಿಂದ ವಾಸನೆಯೇ ತಿಳಿಯುವುದಿಲ್ಲ, ಹರೆಯದ ಲಕ್ಷಣಗಳೂ ಬರುವುದಿಲ್ಲ. ಇದು ಮೆದುಳಿನಿಂದ ಬರಬೇಕಾದ ಹಾರ್ಮೋನಿನ ಕೊರತೆ, ಹೆಸರು ಕಾಲ್‌ಮನ್. ವಂಶದಲ್ಲಿ ಬರಬಹುದಾದ ಈ ಕಾಯಿಲೆಯಲ್ಲಿ ಇಂಜೆಕ್ಷನ್ ಚಿಕಿತ್ಸೆಯಿಂದ ವೀರ್ಯಾಣು ತಯಾರಿ ಶುರುವಾಗಿ ಮಕ್ಕಳಾದವರಿದ್ದಾರೆ. ಇನ್ನು ಕೆಲವರಿಗೆ ವೀರ್ಯನಾಳವೇ ಇರುವುದಿಲ್ಲ. ಆದರೆ ವೃಷಣದಲ್ಲಿ ವೀರ್ಯಾಣು ಇದ್ದು, ಅದನ್ನು ಸೂಜಿಯಿಂದ ತೆಗೆಯಲು ಆಗುತ್ತದೆ. 'ಆ ಮನೆತನವೇ ಹಾಗೆ' ಎಂದು ಕೈಬಿಟ್ಟರೆ ಈ ದಾರಿಗಳೆಲ್ಲ ಮುಚ್ಚಿಹೋಗುತ್ತವೆ.

ಆಸ್ಪತ್ರೆಗೆ ಹೋಗುವ ಮುನ್ನ ಮನೆಯಲ್ಲಿ ಕೇಳಿಕೊಳ್ಳಿ

ಅವ್ವ, ಅಜ್ಜಿ, ದೊಡ್ಡಪ್ಪ, ಚಿಗವ್ವ ಹೀಗೆ ಹಿರಿಯರನ್ನು ಕೇಳಿ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ:

1. ಅಪ್ಪನ ಕಡೆ, ಅವ್ವನ ಕಡೆ ಮಕ್ಕಳಾಗದ ಗಂಡಸರು ಯಾರಿದ್ದಾರೆ? ಅವರು ಎಂದಾದರೂ ಪರೀಕ್ಷೆ ಮಾಡಿಸಿದ್ದರೇ?
2. ನಿಮ್ಮ ಅಪ್ಪ-ಅವ್ವ ಮದುವೆಗೆ ಮುಂಚೆ ಸಂಬಂಧಿಗಳೇ? ಏನಾಗಬೇಕಿತ್ತು?
3. ಕುಟುಂಬದಲ್ಲಿ ಯಾರಿಗಾದರೂ ಮತ್ತೆ ಮತ್ತೆ ಗರ್ಭಪಾತ ಆಗಿದೆಯೇ? ಕ್ರೋಮೋಸೋಮಿನ ತುಂಡುಗಳು ಜಾಗ ಬದಲಿಸಿದ್ದರೆ ಗರ್ಭಪಾತ, ವೀರ್ಯಾಣು ಕೊರತೆ ಎರಡೂ ಒಂದೇ ಕುಟುಂಬದಲ್ಲಿ ಕಾಣಬಹುದು.
4. ನಿಮಗೆ ಚಿಕ್ಕಂದಿನಲ್ಲಿ ಬೀಜ ಇಳಿಯದ ತೊಂದರೆ, ಹರ್ನಿಯಾ ಶಸ್ತ್ರಚಿಕಿತ್ಸೆ, ಬೀಜಕ್ಕೆ ಪೆಟ್ಟು ಆಗಿತ್ತೇ?
5. ಹರೆಯದಲ್ಲಿ ಮಂಗನಬಾವು ಬಂದು ಬೀಜ ಊದಿಕೊಂಡಿತ್ತೇ?
6. ಚಿಕ್ಕಂದಿನಿಂದ ಬಿಡದ ಕೆಮ್ಮು, ನೆಗಡಿ, ಸೈನಸ್ ಇದೆಯೇ? ವಾಸನೆ ತಿಳಿಯುತ್ತದೆಯೇ?
7. ಏನು ಕೆಲಸ, ಯಾವ ಔಷಧಿ, ಯಾವ ಚಟ?

ನಾಲ್ಕನೆಯ ಪ್ರಶ್ನೆ ಇಂದಿನ ಮಕ್ಕಳಿಗೂ ಸಂಬಂಧಿಸಿದ್ದು. ಗಂಡುಮಗುವಿನ ಬೀಜ ಆರು ತಿಂಗಳಾದರೂ ಇಳಿಯದಿದ್ದರೆ ತಾನಾಗಿ ಇಳಿಯುವುದು ಅಪರೂಪ. ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. "ದೊಡ್ಡವನಾದ ಮೇಲೆ ಸರಿಹೋಗುತ್ತದೆ" ಎಂದು ಕಾಯಬೇಡಿ.

ಪರೀಕ್ಷೆ ಎಲ್ಲಿಂದ ಶುರು?

ವೀರ್ಯ ಪರೀಕ್ಷೆಯಿಂದ. ನೋವಿಲ್ಲ, ಸೂಜಿಯಿಲ್ಲ, ಖರ್ಚು ಸಾಮಾನ್ಯವಾಗಿ ಕೆಲವು ನೂರು ರೂಪಾಯಿ. ಹೆಂಡತಿಗೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸುವ ಮೊದಲು, ಅಥವಾ ಅದರ ಜೊತೆಗೇ, ಇದು ಆಗಬೇಕು. 2ರಿಂದ 7 ದಿನ ಸಂಭೋಗ, ಹಸ್ತಮೈಥುನ ಬಿಟ್ಟು ಮಾದರಿ ಕೊಡಬೇಕು. ಮನೆಯಲ್ಲಿ ತೆಗೆದರೆ ಒಂದು ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು. ಹಳ್ಳಿಯಿಂದ ಬರುವವರು ಅಲ್ಲಿಯೇ ಕೊಡುವುದು ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಶೇ 42ರಷ್ಟು ಚಲಿಸುವಂಥವು ಎನ್ನುವುದು ಕೆಳಗಿನ ಮಿತಿ. ಇದಕ್ಕಿಂತ ಕಡಿಮೆ ಬಂದರೆ ಮಕ್ಕಳೇ ಆಗುವುದಿಲ್ಲ ಎಂದರ್ಥವಲ್ಲ. ಜ್ವರ ಬಂದು ಹೋಗಿದ್ದರೂ ಸಂಖ್ಯೆ ಇಳಿಯುತ್ತದೆ. ಒಂದು ವರದಿ ನೋಡಿ ಎದೆಗುಂದದೆ ಕೆಲವು ವಾರಗಳ ಅಂತರದಲ್ಲಿ ಇನ್ನೊಮ್ಮೆ ಮಾಡಿಸಿ.

ವೀರ್ಯಾಣು ಇಲ್ಲವೇ ಇಲ್ಲ ಅಥವಾ ಮಿಲಿಲೀಟರಿಗೆ 50 ಲಕ್ಷಕ್ಕಿಂತ ಕಡಿಮೆ ಎಂದಾದರೆ ಹಾರ್ಮೋನು, ಕ್ರೋಮೋಸೋಮ್ ಮತ್ತು ವೈ ಕ್ರೋಮೋಸೋಮಿನ ತುಂಡಿನ ಪರೀಕ್ಷೆ ಬೇಕಾಗುತ್ತದೆ. ಇಲ್ಲಿಯೇ ನಿಮ್ಮ ಚೀಟಿ ಉಪಯೋಗಕ್ಕೆ ಬರುವುದು. ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂದು ವೈದ್ಯರು ಅದರಿಂದ ತೀರ್ಮಾನಿಸಿದರೆ ಹಣವೂ ಉಳಿಯುತ್ತದೆ. ತಾಲೂಕಿನ ಸರ್ಕಾರಿ ಆಸ್ಪತ್ರೆಯಿಂದ ಶುರುಮಾಡಿ, ಅಲ್ಲಿಂದ ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ, ಬೇಕಾದರೆ ಹುಬ್ಬಳ್ಳಿ, ಬಳ್ಳಾರಿಗೆ ಹೋಗಬಹುದು.

ಇಕ್ಸಿ ಮಾಡಿಸಿದರೆ ಮಗನಿಗೂ ಬರುತ್ತದೆಯೇ?

ಒಂದೇ ವೀರ್ಯಾಣುವನ್ನು ಅಂಡದೊಳಗೆ ಚುಚ್ಚುವ ಇಕ್ಸಿ ವಿಧಾನದಿಂದ ಮಗು ಹುಟ್ಟಿದ್ದನ್ನು ಬೆಲ್ಜಿಯಂನ ಬ್ರಸೆಲ್ಸ್‌ನ ವೈದ್ಯರು 1992ರಲ್ಲಿ ವರದಿ ಮಾಡಿದರು. ಹಿಂದೆ ತಂದೆಯಾಗಲು ಸಾಧ್ಯವೇ ಇರದಿದ್ದವರು ಇದರಿಂದ ತಂದೆಯಾಗಿದ್ದಾರೆ. ಆದರೆ ವೈ ಕ್ರೋಮೋಸೋಮಿನ ತುಂಡು ಕಾಣೆಯಾದವನಿಗೆ ಹೀಗೆ ಹುಟ್ಟುವ ಗಂಡುಮಕ್ಕಳಿಗೆಲ್ಲ ಅದೇ ವೈ ಹೋಗುತ್ತದೆ, ಹೆಣ್ಣುಮಕ್ಕಳಿಗೆ ಹೋಗುವುದಿಲ್ಲ. ಬ್ರಸೆಲ್ಸ್‌ನಲ್ಲೇ 2016ರಲ್ಲಿ, ಇಕ್ಸಿಯಿಂದ ಹುಟ್ಟಿ ದೊಡ್ಡವರಾದ 54 ಯುವಕರನ್ನು ಪರೀಕ್ಷಿಸಿದಾಗ ಅವರ ಸರಾಸರಿ ವೀರ್ಯಾಣು ಸಂಖ್ಯೆ ಸಹಜವಾಗಿ ಹುಟ್ಟಿದವರಿಗಿಂತ ಕಡಿಮೆ ಇತ್ತು. ಇಕ್ಸಿ ಬೇಡ ಎನ್ನಲು ಇದು ಕಾರಣವಲ್ಲ. ಮುಂಚೆಯೇ ಪರೀಕ್ಷೆ ಮಾಡಿಸಿ, ತಿಳಿದು ನಿರ್ಧರಿಸಿ ಎನ್ನುವುದಕ್ಕೆ ಕಾರಣ. ವೀರ್ಯನಾಳ ಇಲ್ಲದವರು ಹೆಂಡತಿಯ ಜೀನ್ ಪರೀಕ್ಷೆಯನ್ನೂ ಮಾಡಿಸಬೇಕು. 2021ರ ಕಾಯ್ದೆಯಂತೆ ಇಂಥ ಕೇಂದ್ರಗಳಿಗೆ ನೋಂದಣಿ ಕಡ್ಡಾಯ. ಅದನ್ನು ಕೇಳಿ ತಿಳಿದೇ ಮುಂದುವರಿಯಿರಿ.

ಫಾರ್ವರ್ಡ್ ಮಾಡುವ ಮುನ್ನ

ಹುಲಿಗೆಮ್ಮನಿಗೆ ಹರಕೆ ಹೊರುವವರು ಹೊರಲಿ, ನಮ್ಮ ತಕರಾರಿಲ್ಲ. ಹುಣ್ಣಿಮೆಗೆ ಹುಲಗಿಗೆ ಹೋಗುವ ಜೋಡಿ ಅದೇ ವಾರ ಪ್ರಯೋಗಾಲಯಕ್ಕೂ ಹೋಗಲಿ. ಗಂಡನ ಪರೀಕ್ಷೆಯೇ ಆಗದೆ ಸೊಸೆಗೆ 'ಬಂಜೆ' ಎಂದು ಹೆಸರಿಟ್ಟು ಎರಡನೇ ಮದುವೆಯ ಮಾತೆತ್ತುವ ಮನೆಗಳಲ್ಲಿ, ಎರಡನೆಯವಳಿಗೂ ಮಕ್ಕಳಾಗದಿದ್ದಾಗ ನಿಜ ತಿಳಿದರೆ ಪ್ರಯೋಜನವೇನು? ಅಷ್ಟರಲ್ಲಿ ಇಬ್ಬರು ಹೆಣ್ಣುಮಕ್ಕಳ ಬದುಕು ಹೋಗಿರುತ್ತದೆ.

"ಆ ಮನೆತನದ ಗಂಡಿನಲ್ಲಿ ದೋಷ ಇರುವುದಿಲ್ಲ" ಎಂಬ ಮಾತು ನಿಮ್ಮ ಗುಂಪಿಗೆ ಬಂದರೆ ಒಂದೇ ಪ್ರಶ್ನೆ ಕೇಳಿ: "ಗಂಡನ ವೀರ್ಯ ಪರೀಕ್ಷೆ ಆಗಿದೆಯೇ?"